ವಿಂಡೋಸ್ 11 ಹಾಕಿದ ಮೇಲೆ ಲ್ಯಾಪ್‌ಟಾಪ್ ಕಾದು ಕೆಂಡ, ಫ್ಯಾನ್ ನಿಲ್ಲುತ್ತಲೇ ಇಲ್ಲ. ಹಳೆಯದಕ್ಕೆ ವಾಪಸ್ ಹೋಗಲಾ?

ಸದ್ಯಕ್ಕೆ ಬೇಡ. ನಾನು ಹಾಗೆ ವಾಪಸ್ ಹೋಗಿ ನೋಡಿದವನು. ಏನೂ ಉಪಯೋಗ ಆಗಲಿಲ್ಲ.

ನೀವು ಬರೆದದ್ದು ಇಷ್ಟು: ಮನೆ ತೀರ್ಥಹಳ್ಳಿ ಹತ್ತಿರ, ಲ್ಯಾಪ್‌ಟಾಪಿಗೆ ನಾಲ್ಕು ವರ್ಷ, ಆರು ದಿನದ ಹಿಂದೆ ವಿಂಡೋಸ್ 10ರಿಂದ 11ಕ್ಕೆ ಬಂದಿರಿ. ಅವತ್ತಿನಿಂದ ಫ್ಯಾನ್ ಜೋರಾಗಿ ಕೂಗುತ್ತಿದೆ, ಕೀಬೋರ್ಡಿನ ಮೇಲ್ಭಾಗ ಮುಟ್ಟಲಾಗದಷ್ಟು ಬಿಸಿ. ಗೆಳೆಯರು ಹಳೆಯದಕ್ಕೇ ಹೋಗು ಅನ್ನುತ್ತಾರೆ, ಅಂಗಡಿಯವರು ಫ್ಯಾನ್ ಬದಲಾಯಿಸಿ ಅನ್ನುತ್ತಾರೆ. ವಾಪಸ್ ಹೋಗಲು ವಿಂಡೋಸ್ ಕೊಡುವುದು 10 ದಿನ. ಅಂದರೆ ನಿಮಗೆ ಇನ್ನೂ ನಾಲ್ಕು ದಿನ ಇದೆ. ಗಡಿಬಿಡಿ ಬೇಡ.

ಮೊದಲು ನನ್ನ ಕಥೆ. ನಮ್ಮದು ಸಾಗರದ ಕಡೆ. ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ. ನಾನು 11 ಹಾಕಿದ್ದು ಶಿವರಾತ್ರಿಯ ಆಸುಪಾಸಿನಲ್ಲಿ. ಮರುದಿನ ಮೀಟಿಂಗಿನಲ್ಲಿ ಒಬ್ಬರು, "ನಿಮ್ಮ ಹಿಂದೆ ಮಿಲ್ಲು ಏನಾದ್ರೂ ಇದೆಯಾ?" ಅಂತ ಕೇಳಿದರು. ಇತ್ತು. ಅಂಗಳದಲ್ಲಿ ಚಾಲಿ, ಅಂದರೆ ಬಿಸಿಲಲ್ಲಿ ಒಣಗಿಸಿದ ಅಡಿಕೆ, ಸುಲಿಯುವ ಮೆಷಿನ್ ಓಡುತ್ತಿತ್ತು. ಆದರೆ ಮಧ್ಯಾಹ್ನ ಆಳುಗಳು ಊಟಕ್ಕೆ ಹೋದ ಮೇಲೂ ಶಬ್ದ ನಿಲ್ಲಲಿಲ್ಲ. ಕೂಗುತ್ತಿದ್ದದ್ದು ನನ್ನ ಲ್ಯಾಪ್‌ಟಾಪ್!

ಒಂಬತ್ತು ದಿನ ಬೈದುಕೊಂಡು ತಡೆದೆ. ಒಂಬತ್ತನೆಯ ದಿನ ರಾತ್ರಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ಗೋ ಬ್ಯಾಕ್ ಅಂತ ಒತ್ತಿ 10ಕ್ಕೆ ಮರಳಿದೆ. ಒಂದು ದಿನ ಸ್ವಲ್ಪ ತಣ್ಣಗಾದ ಹಾಗೆ ಅನಿಸಿತು. ಮೂರನೆಯ ದಿನ ಮತ್ತೆ ಅದೇ ಕೂಗು. ಆಗ ನನ್ನ ಭಾವ ಸ್ಕ್ರೂಡ್ರೈವರ್ ತಂದು ಹಿಂದಿನ ಮುಚ್ಚಳ ಬಿಚ್ಚಿದ. ಫ್ಯಾನಿಗೂ ಅದರ ಮುಂದಿನ ತಗಡಿನ ಹಲ್ಲುಗಳಿಗೂ ಮಧ್ಯೆ ಕಂಬಳಿ ತುಂಡಿನ ಹಾಗೆ ಏನೋ ಮೆತ್ತಿಕೊಂಡಿತ್ತು. ಚಿಮ್ಮಟದಲ್ಲಿ ಎಳೆದರೆ ಇಡಿಯಾಗಿ ಎದ್ದು ಬಂತು. ಅಡಿಕೆ ಸಿಪ್ಪೆಯ ನಾರು, ಧೂಳು, ಜೊತೆಗೆ ಮಳೆಗಾಲದಲ್ಲಿ ಬಂದ ಹುಳಗಳ ರೆಕ್ಕೆ. ಮೂರು ವರ್ಷದ ಸುಗ್ಗಿ ಅದರೊಳಗೆ ಇತ್ತು.

ಹಾಗಂತ ವಿಂಡೋಸ್‌ದು ಏನೂ ತಪ್ಪಿಲ್ಲ ಅಂತಲ್ಲ. ಹೊಸದು ಹಾಕಿದಾಗ ಒಳಗೆ ನಿಜಕ್ಕೂ ಕೆಲಸ ಜಾಸ್ತಿ. ನಿಮ್ಮ ಫೈಲುಗಳನ್ನೆಲ್ಲ ಹುಡುಕಾಟಕ್ಕಾಗಿ ಮತ್ತೆ ಪಟ್ಟಿ ಮಾಡುತ್ತದೆ, ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಎಲ್ಲವನ್ನೂ ಒಮ್ಮೆ ಜಾಲಾಡುತ್ತದೆ, ಬಿಡಿಭಾಗಗಳನ್ನು ಓಡಿಸುವ ಡ್ರೈವರ್‌ಗಳು ಇಳಿಯುತ್ತವೆ, ಒನ್‌ಡ್ರೈವ್ ಇದ್ದರೆ ಅದೂ ಶುರುವಾಗುತ್ತದೆ. ಗಾಳಿ ಚೆನ್ನಾಗಿ ಹೋಗುವ ಲ್ಯಾಪ್‌ಟಾಪ್ ಇದನ್ನು ತಡೆದುಕೊಳ್ಳುತ್ತದೆ. ಮೂಗು ಕಟ್ಟಿದ್ದು ಏದುಸಿರು ಬಿಡುತ್ತದೆ. ನನ್ನ ವಿಷಯದಲ್ಲಿ ಮೂರೂ ಒಟ್ಟಿಗೆ ಬಂದವು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗಿ ಸೆಕೆ ಶುರುವಾಗಿತ್ತು, ಅಂಗಳದಲ್ಲಿ ಚಾಲಿ ಧೂಳು ಎದ್ದಿತ್ತು, ಅದರ ಮೇಲೆ ವಿಂಡೋಸ್ 11. ನಾನು ಬೈದದ್ದು ಕೊನೆಯದನ್ನು ಮಾತ್ರ.

ನಿಮ್ಮದು ಯಾವುದು ಅಂತ ತಿಳಿಯಲು ಫ್ಯಾನ್ ಕೂಗುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ತೆರೆದ ಕೂಡಲೇ ಸಂಖ್ಯೆ ಜಿಗಿಯುತ್ತದೆ, ಅದನ್ನು ನಂಬಬೇಡಿ. ಅರ್ಧ ನಿಮಿಷ ಕೈಕಟ್ಟಿ ಕೂತು ಆಮೇಲೆ ಸಿಪಿಯು, ಅಂದರೆ ಪ್ರೊಸೆಸರ್, ಎಷ್ಟು ಶೇಕಡಾ ಅಂತ ನೋಡಿ. 40, 60, 80 ಇದ್ದರೆ ಯಾವುದೋ ಪ್ರೋಗ್ರಾಂ ದುಡಿಯುತ್ತಿದೆ. ಐದೋ ಆರೋ ಇದ್ದೂ ಫ್ಯಾನ್ ಹತ್ತು ನಿಮಿಷದಿಂದ ಅರಚುತ್ತಿದ್ದರೆ, ಕೆಲಸ ಇಲ್ಲದೆಯೂ ಬಿಸಿ ಹೊರಗೆ ಹೋಗುತ್ತಿಲ್ಲ ಅಂತ ಅರ್ಥ. ಆಗ ಧೂಳನ್ನು ಅನುಮಾನಿಸಿ.

ಇನ್ನೊಂದು ಸೂಕ್ಷ್ಮ ಇದೆ. ನೀವು ಕಾಫಿಗೆ ಎದ್ದು ಹೋದಾಗ ಕೂಗಿ, ಬಂದು ಮೌಸ್ ಮುಟ್ಟಿದ ಸ್ವಲ್ಪ ಹೊತ್ತಿಗೆ ಸುಮ್ಮನಾದರೆ, ಅದು ವಿಂಡೋಸ್‌ನ ಹಿನ್ನೆಲೆ ಕೆಲಸ. ಯಜಮಾನ ಇಲ್ಲದಾಗ ಮನೆ ಗುಡಿಸುವ ಅಭ್ಯಾಸ ಅದಕ್ಕೆ.

ಪಟ್ಟಿಯಲ್ಲಿ ಮೇಲೆ ಇರುವುದು ವಿಂಡೋಸ್ ಸರ್ಚ್ ಇಂಡೆಕ್ಸರ್ (ಫೈಲು ಪಟ್ಟಿ ಮಾಡುವುದು ಇದೇ), ಅಥವಾ ಆಂಟಿಮಾಲ್ವೇರ್ ಸರ್ವೀಸ್ ಎಕ್ಸಿಕ್ಯೂಟಬಲ್ (ಇದು ಡಿಫೆಂಡರ್) ಆದರೆ ಅದನ್ನು ಕೊಲ್ಲಬೇಡಿ. ಮುಗಿಸಲು ಬಿಡಿ. ನಮ್ಮ ಕಡೆಯ ತೊಂದರೆ ಇರುವುದೇ ಇಲ್ಲಿ. ಫ್ಯಾನ್ ಕೂಗಿತು ಅಂತ ಹೆದರಿ ನಾವು ಆಫ್ ಮಾಡುತ್ತೇವೆ. ಇಲ್ಲವೇ ಕರೆಂಟು ಹೋಗಿ ಬ್ಯಾಟರಿಯಲ್ಲಿ ಓಡಿಸುತ್ತೇವೆ, ಬ್ಯಾಟರಿಯಲ್ಲಿದ್ದಾಗ ಪಟ್ಟಿ ಮಾಡುವ ಕೆಲಸ ನಿಧಾನ ಆಗುತ್ತದೆ. ಒಂದೆರಡು ದಿನದಲ್ಲಿ ಮುಗಿಯಬೇಕಾದದ್ದು ವಾರ ಎಳೆಯುತ್ತದೆ. ಒಂದು ರಾತ್ರಿ ಚಾರ್ಜರ್ ಹಾಕಿ, ಸ್ಲೀಪ್ ಆಗದ ಹಾಗೆ ಸೆಟ್ ಮಾಡಿ, ಗಟ್ಟಿ ಮೇಜಿನ ಮೇಲೆ ತೆರೆದಿಟ್ಟು ಮಲಗಿ. ಎರಡು ರಾತ್ರಿ ಹೀಗೆ ಮಾಡಿದರೂ ಅದೇ ಹೆಸರು ಮೇಲಿದ್ದರೆ ಆಗ ಯೋಚನೆ ಮಾಡೋಣ. ಹಳೆಯ ಆಂಟಿವೈರಸ್ ಬೇರೆ ಇದ್ದರೆ ತೆಗೆದುಹಾಕಿ. ಡಿಫೆಂಡರ್ ಸಾಕು.

ಸೆಟ್ಟಿಂಗ್ಸ್ ವಿಷಯ ಬೇಗ ಹೇಳಿಬಿಡುತ್ತೇನೆ. ಸಿಸ್ಟಮ್, ಪವರ್ ಅಂಡ್ ಬ್ಯಾಟರಿ, ಅದರಲ್ಲಿ ಪವರ್ ಮೋಡ್ ನೋಡಿ. ಬೆಸ್ಟ್ ಪರ್ಫಾರ್ಮೆನ್ಸ್ ಅಂತಿದ್ದರೆ ಬ್ಯಾಲೆನ್ಸ್‌ಡ್ ಮಾಡಿ. ಸ್ಟಾರ್ಟಪ್ ಆ್ಯಪ್ಸ್‌ನಲ್ಲಿ ಬೇಡದ್ದನ್ನೆಲ್ಲ ಆಫ್ ಮಾಡಿ. ಆಮೇಲೆ ಒಂದು ಹಳೆಯ ಉಪಾಯ ಇದೆ: ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್ ಒಳಗೆ, ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನುವುದನ್ನು 100ರಿಂದ 99ಕ್ಕೆ ಇಳಿಸುವುದು. ಒಂದೇ ಒಂದು ಅಂಕೆ, ಆದರೆ ಇಂಟೆಲ್ ಪ್ರೊಸೆಸರ್ ಮಾಮೂಲಿಗಿಂತ ಜೋರಾಗಿ ಓಡುವ ಟರ್ಬೋ ವೇಗ ಸಾಮಾನ್ಯವಾಗಿ ಅಷ್ಟಕ್ಕೇ ನಿಂತುಹೋಗುತ್ತದೆ, ಬಿಸಿಯೂ ಗಮನಕ್ಕೆ ಬರುವಷ್ಟು ಇಳಿಯುತ್ತದೆ. ಕೆಲವು ಹೊಸ ಮಾಡೆಲ್‌ಗಳಲ್ಲಿ ಈ ಸಾಲೇ ಕಾಣುವುದಿಲ್ಲ. ಕಾಣದಿದ್ದರೆ ಬಿಡಿ. ಇದು ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದ ಹಾಗೆ, ರೋಗ ವಾಸಿಯಾಗಲಿಲ್ಲ. ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಸುರಕ್ಷತೆಗೆ ಇರುವಂಥದ್ದು. ನಾನು ಆಫ್ ಮಾಡಿ ನೋಡಿದೆ, ಫ್ಯಾನಿಗೆ ಗೊತ್ತೇ ಆಗಲಿಲ್ಲ. ಮತ್ತೆ ಆನ್ ಮಾಡಿದೆ.

ಫ್ಯಾನ್ ಎಷ್ಟು ಬಿಸಿಗೆ ಎಷ್ಟು ಜೋರಾಗಿ ತಿರುಗಬೇಕು ಅನ್ನುವುದನ್ನು ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ತೀರ್ಮಾನಿಸುವುದಿಲ್ಲ. ಬಯೋಸ್ (ಲ್ಯಾಪ್‌ಟಾಪ್ ಆನ್ ಆದ ಕೂಡಲೇ ವಿಂಡೋಸ್‌ಗಿಂತ ಮೊದಲು ಓಡುವ ಮೂಲ ಪ್ರೋಗ್ರಾಂ) ಮತ್ತು ಕಂಪನಿಯವರದೇ ಒಂದು ಸಣ್ಣ ಚಿಪ್ ತೀರ್ಮಾನಿಸುತ್ತವೆ. ಹಾಗಾಗಿ ನಿಮ್ಮ ಕಂಪನಿಯ ವೆಬ್‌ಸೈಟಿನಲ್ಲಿ ಮಾಡೆಲ್ ಹಾಕಿ, ವಿಂಡೋಸ್ 11ರ ಚಿಪ್‌ಸೆಟ್ ಡ್ರೈವರ್ ಮತ್ತು ಹೊಸ ಬಯೋಸ್ ಇದೆಯಾ ನೋಡಿ. ಬಯೋಸ್ ಹಾಕುವಾಗ ಬ್ಯಾಟರಿ ತುಂಬಿರಲಿ, ಚಾರ್ಜರೂ ಇರಲಿ. ಗುಡುಗು ಸಿಡಿಲಿನ ಸಂಜೆ, ಕರೆಂಟು ಕಣ್ಣುಮುಚ್ಚಾಲೆ ಆಡುವ ದಿನ ಅದಕ್ಕೆ ಕೈಹಾಕಬೇಡಿ. ಅರ್ಧಕ್ಕೆ ನಿಂತರೆ ಲ್ಯಾಪ್‌ಟಾಪ್ ಏಳದೇ ಹೋಗಬಹುದು.

ಇನ್ನು ಧೂಳು. ನಾಲ್ಕು ವರ್ಷ, ಮಲೆನಾಡಿನ ಮನೆ, ಒಮ್ಮೆಯೂ ಬಿಚ್ಚಿಲ್ಲ ಅಂದರೆ ನನ್ನ ಅನುಮಾನ ಇದರ ಮೇಲೇ ಜಾಸ್ತಿ. ನಿಮ್ಮ ಕಡೆ ಹಸಿ ಅಡಿಕೆ ಸುಲಿದು ಬೇಯಿಸುವವರು ಹೆಚ್ಚು, ನಮ್ಮ ಚಾಲಿಯಷ್ಟು ಧೂಳು ಏಳುವುದಿಲ್ಲ. ಆದರೆ ಒಲೆಯ ಹೊಗೆ, ಬಚ್ಚಲ ಹಂಡೆಯ ಬೂದಿ, ಕಂಬಳಿಯ ಜುಂಗು ಎಲ್ಲಿಗೆ ಹೋಗುತ್ತದೆ? ಹೊಗೆಯ ಜಿಡ್ಡಿಗೆ ಧೂಳು ಕೂತರೆ ಸುಲಭಕ್ಕೆ ಬಿಡುವುದಿಲ್ಲ.

ಹೊರಗಿನಿಂದ ಬ್ರಷ್ ಆಡಿಸಿದರೆ ಇದು ಬರುವುದಿಲ್ಲ. ಪ್ರೊಸೆಸರ್‌ನ ಬಿಸಿಯನ್ನು ತಾಮ್ರದ ಕೊಳವೆ ಅಂಚಿಗೆ ಒಯ್ಯುತ್ತದೆ. ಅಲ್ಲಿ ಬಾಚಣಿಗೆಯ ಹಾಗೆ ತೆಳ್ಳನೆ ತಗಡಿನ ಹಲ್ಲುಗಳು ಇರುತ್ತವೆ, ಫ್ಯಾನ್ ಅವುಗಳ ಮಧ್ಯೆ ಗಾಳಿ ನೂಕುತ್ತದೆ. ಕಟ್ಟಿಕೊಳ್ಳುವುದು ಹಲ್ಲುಗಳ ಒಳಮಗ್ಗುಲಿನಲ್ಲಿ, ಫ್ಯಾನಿನ ಕಡೆಗೆ. ಬಿಚ್ಚಲೇಬೇಕು. ವಾರಂಟಿ ಇದ್ದರೆ ನೀವು ಬಿಚ್ಚಬೇಡಿ, ಸರ್ವೀಸ್ ಸೆಂಟರಿಗೆ ಕೊಡಿ.

ನೀವೇ ಬಿಚ್ಚುವುದಾದರೆ: ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ. ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ಒಂದು ಕಾಗದದಲ್ಲಿ ಲ್ಯಾಪ್‌ಟಾಪಿನ ಚಿತ್ರ ಬರೆದು, ಯಾವುದು ಎಲ್ಲಿಯದೋ ಅಲ್ಲೇ ಚುಚ್ಚಿಡಿ. ಮುಚ್ಚಳ ಏಳಿಸಲು ಹಳೆಯ ಎಟಿಎಂ ಕಾರ್ಡ್ ಸಾಕು. ತೆರೆದ ಕೂಡಲೇ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಒಂದು ಹಲ್ಲುಕಡ್ಡಿಯಿಂದ ತಡೆದು ಹಿಡಿಯಿರಿ. ಬಿಟ್ಟರೆ ಅದು ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಬಾಯಿಂದ ಊದಬೇಡಿ, ಉಗುಳು ಹಾರುತ್ತದೆ. ನನ್ನ ಪರಿಚಯದವರೊಬ್ಬರು ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹಿಡಿಸಿದರು. ಆ ಕಂಪ್ರೆಸರ್‌ನ ಗಾಳಿಯಲ್ಲಿ ನೀರಿನ ಪಸೆ, ಎಣ್ಣೆಯ ಪಸೆ ಎರಡೂ ಇರುತ್ತದೆ. ಧೂಳು ಹೋಯಿತು, ಜೊತೆಗೆ ಫ್ಯಾನಿನ ಎರಡು ರೆಕ್ಕೆಯೂ ಹೋಯಿತು.

ಪ್ರೊಸೆಸರ್‌ನ ಬಿಸಿ ತಾಮ್ರದ ಕೊಳವೆಗೆ ದಾಟಲಿ ಅಂತ ಮಧ್ಯೆ ಹಚ್ಚಿರುವ ಥರ್ಮಲ್ ಪೇಸ್ಟ್ ಬದಲಾಯಿಸುವುದು ಮೊದಲ ದಿನವೇ ಬೇಡ. ಧೂಳು ತೆಗೆದು ಎರಡು ದಿನ ನೋಡಿ. ಎಚ್‌ಡಬ್ಲ್ಯೂಇನ್ಫೋ ಅಂತ ಉಚಿತ ಪ್ರೋಗ್ರಾಂ ಇದೆ, ಪ್ರೊಸೆಸರ್ ಎಷ್ಟು ಡಿಗ್ರಿ ಅಂತ ತೋರಿಸುತ್ತದೆ. ಸುಮ್ನೆ ಇದ್ದಾಗ 40ರಿಂದ 55, ಭಾರೀ ಕೆಲಸದಲ್ಲಿ 80-90 ಇದ್ದರೆ ಲ್ಯಾಪ್‌ಟಾಪ್ ಮಟ್ಟಿಗೆ ಹೆದರುವಂಥದ್ದಲ್ಲ. ಹೆಚ್ಚಿನ ಇಂಟೆಲ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ ಆಸುಪಾಸು, ಅಲ್ಲಿಗೆ ಮುಟ್ಟಿದರೆ ತಾವೇ ವೇಗ ಇಳಿಸಿಕೊಳ್ಳುತ್ತವೆ. ಧೂಳು ತೆಗೆದ ಮೇಲೂ ಸಣ್ಣ ಕೆಲಸಕ್ಕೇ 95 ದಾಟುತ್ತಿದ್ದರೆ ಪೇಸ್ಟ್ ಒಣಗಿರಬಹುದು. ಅದನ್ನು ಕೈಪಳಗಿದವರ ಹತ್ತಿರ ಮಾಡಿಸಿ. ನನ್ನದಕ್ಕೆ ಪೇಸ್ಟ್ ಬೇಕಾಗಲೇ ಇಲ್ಲ.

ಅಂಗಡಿಯವರು ಹೇಳಿದ ಹಾಗೆ ಫ್ಯಾನ್ ಬದಲಾಯಿಸುವುದು ಯಾವಾಗ ಅಂದರೆ, ಶಬ್ದ ಬರೀ ಜೋರಾಗಿರದೆ ಕರಕರ ಅಂತಿದ್ದರೆ, ಅಥವಾ ಲ್ಯಾಪ್‌ಟಾಪ್ ಓರೆ ಮಾಡಿದಾಗ ಶಬ್ದ ಬದಲಾದರೆ. ಬುಸ್ ಅಂತ ಗಾಳಿಯ ಸದ್ದು ಮಾತ್ರ ಇದ್ದರೆ ಫ್ಯಾನ್ ಗಟ್ಟಿಯಾಗಿಯೇ ಇದೆ, ಪಾಪ, ಅದರ ಕೆಲಸ ಅದು ಮಾಡುತ್ತಿದೆ.

"ನಮ್ಮೂರು ತಂಪು, ಇಲ್ಲಿ ಹೇಗೆ ಬಿಸಿಯಾಗುತ್ತೆ" ಅಂತಲೂ ಕೇಳಿದ್ದೀರಿ. ಊರು ತಂಪಾಗಿರುವುದೇ ತೊಂದರೆ! ಚಳಿ ಅಂತ ನಾವು ಕಂಬಳಿ ಹೊದ್ದು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತೇವೆ. ಗಾಳಿ ಎಳೆಯುವ ಕಿಂಡಿ ಇರುವುದು ಅಡಿಯಲ್ಲಿ, ಅಲ್ವಾ? ನಾನೀಗ ಅಟ್ಟದಿಂದ ಒಂದು ಹಳೆಯ ಊಟದ ಮಣೆ ಇಳಿಸಿಕೊಂಡಿದ್ದೇನೆ. ಅದರ ಮೇಲೆ ಲ್ಯಾಪ್‌ಟಾಪ್, ಹಿಂದಿನ ಎರಡು ಮೂಲೆಯ ಕೆಳಗೆ ಎರಡು ಬಾಟಲಿ ಮುಚ್ಚಳ. ಕೂಲಿಂಗ್ ಪ್ಯಾಡ್ ಕೊಳ್ಳುವ ಖರ್ಚು ಉಳಿಯಿತು.

ಅಂದ ಹಾಗೆ, ನಾನು ಮತ್ತೆ 11ಕ್ಕೆ ಬಂದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಹಾಗಾಗಿ ವಾಪಸ್ ಹೋಗುವುದರಲ್ಲಿ ಹುರುಳಿಲ್ಲ. ನಿಮ್ಮದು 11 ಓಡಿಸಬಲ್ಲವು ಅಂತ ಮೈಕ್ರೋಸಾಫ್ಟ್ ಕೊಟ್ಟ ಪಟ್ಟಿಯಲ್ಲಿಲ್ಲದ ಹಳೆಯ ಪ್ರೊಸೆಸರ್ ಆಗಿದ್ದು, ಯಾರೋ ಅಡ್ಡದಾರಿಯಲ್ಲಿ 11 ತುರುಕಿಕೊಟ್ಟಿದ್ದರೆ ಮಾತ್ರ ವಿಷಯ ಬೇರೆ. ನಾಲ್ಕು ವರ್ಷದ್ದು ಅಂದಿರಿ, ಹಾಗಿರಲಾರದು.

ಇವತ್ತು ರಾತ್ರಿ ಚಾರ್ಜರ್ ಹಾಕಿಟ್ಟು ಮಲಗಿ. ನಾಳೆ ಫ್ಯಾನ್ ಕೂಗುವಾಗ ಸಿಪಿಯು ಎಷ್ಟು ಶೇಕಡಾ ಇತ್ತು, ಪಟ್ಟಿಯ ಮೇಲೆ ಯಾವ ಹೆಸರಿತ್ತು, ಎರಡನ್ನೂ ಇದರ ಕೆಳಗೆ ಬರೆಯಿರಿ. ಆಮೇಲೆ ಸ್ಕ್ರೂಡ್ರೈವರ್ ಬೇಕಾ ಬೇಡವಾ ನೋಡೋಣ.