ಬಿಲ್ಲಿನ ಡಬ್ಬಿ ಊಟದ ಮೇಜಿನ ಮೇಲೆ ಬರಲಿ

ಪ್ರಶ್ನೆ: ಮೇಡಂ, ನನಗೆ 42 ವರ್ಷ. ಹಾಸನದ ಕಡೆಯವನು. ಹನ್ನೊಂದು ವರ್ಷದಿಂದ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿದ್ದೇವೆ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತೇವೆ. ಮಗಳಿಗೆ 13, ಮಗನಿಗೆ 9. ಮೂರು ವರ್ಷದ ಹಿಂದೆ ಮನೆಯ ಗ್ಯಾರೇಜ್‌ನಲ್ಲಿ ಒಂದು ಕಿಟ್ ಕಾರಿಗೆ, ಅಂದರೆ ಬಿಡಿಭಾಗ ತಂದು ಮನೆಯಲ್ಲೇ ಜೋಡಿಸುವ ಕಾರಿಗೆ, ಕೈಹಾಕಿದೆ. ಚಾಸಿ, ಬಾಡಿ ಕಿಟ್ ಕಂಪನಿಯದು. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎಲ್ಲ ಒಂದು ಹಳೇ ಮಾಜ್ದಾ ಎಂಎಕ್ಸ್-5 ಕಾರಿನಿಂದ ಬಿಚ್ಚಿದ್ದು. ಒಂದು ವರ್ಷ, ಆರು ಸಾವಿರ ಪೌಂಡ್ ಅಂತ ಹೆಂಡತಿಗೆ ಮಾತು ಕೊಟ್ಟಿದ್ದೆ. ಈಗ ಖರ್ಚು 11,400 ಪೌಂಡ್ ಆಗಿದೆ. ಅವಳಿಗೆ ಗೊತ್ತಿರುವುದು 7,000. ಉಳಿದದ್ದರಲ್ಲಿ 1,800 ನನ್ನ ಬೋನಸ್, 2,600 ಅವಳಿಗೆ ಗೊತ್ತಿಲ್ಲದ ಒಂದು ಕ್ರೆಡಿಟ್ ಕಾರ್ಡ್ ಮೇಲಿದೆ. ಆ ಬಿಲ್ಲುಗಳನ್ನು ಬಿಸ್ಕೆಟ್ ಡಬ್ಬಿಗೆ ಹಾಕಿ ಟೂಲ್ ಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ ಇಟ್ಟಿದ್ದೇನೆ. ಹೋದ ತಿಂಗಳು ಶಾಕ್ ಅಬ್ಸಾರ್ಬರ್ ಬಿಲ್ಲು ಅವಳ ಕೈಗೆ ಸಿಕ್ಕಿತು, 640 ಪೌಂಡ್. ‘ಅದು ಹಳೇದು, ಲೆಕ್ಕದಲ್ಲಿ ಸೇರಿದೆ’ ಅಂದೆ. ಅವಳು ನಂಬಲಿಲ್ಲ.

ಶನಿವಾರ, ಭಾನುವಾರ ನಾನು ಗ್ಯಾರೇಜ್‌ನಲ್ಲೇ ಇರುತ್ತೇನೆ ಅನ್ನುವುದೂ ಅವಳ ದೂರು. ಮಕ್ಕಳ ಈಜು, ಸಾಮಾನು, ಅಡುಗೆ ಎಲ್ಲ ಅವಳ ತಲೆಗೆ ಬಂದಿದೆ. ಅವಳ ಶನಿವಾರದ ಸಂಗೀತ ಪಾಠವೂ ನಿಂತಿದೆ. ಜಗಳ ಬೇಡ ಅಂತ ಈಗೀಗ ಎಲ್ಲರೂ ಮಲಗಿದ ಮೇಲೆ ರಾತ್ರಿ 11ಕ್ಕೆ ಹೋಗಿ ಕೆಲಸ ಮಾಡುತ್ತೇನೆ. ಮೊದಲ ವರ್ಷ ಮಗಳು ಖುಷಿಯಿಂದ ಬಂದು ಟಾರ್ಚ್ ಹಿಡಿಯುತ್ತಿದ್ದಳು, ಈಗ ಬರುವುದಿಲ್ಲ. ‘ಕಾರು ಮಾರು, ಇಲ್ಲಾ ಈ ಬೇಸಿಗೆಗೆ ನಾನು ಮಕ್ಕಳನ್ನ ಕರ್ಕೊಂಡು ಊರಿಗೆ ಹೋಗ್ತೀನಿ’ ಅಂದಿದ್ದಾಳೆ ಹೆಂಡತಿ. ಎಂಜಿನ್ ಕೂತಿದೆ. ಬ್ರೇಕ್ ಪೈಪ್ ಅರ್ಧ ಆಗಿದೆ. ವೈರಿಂಗ್ ಬಾಕಿ. ಮಾರಲಾ, ಮುಗಿಸಲಾ? ಉಳಿದ ಖರ್ಚಿನ ವಿಷಯ ಈಗಲೇ ಹೇಳಲಾ, ಕಾರು ರೋಡಿಗೆ ಬಂದ ಮೇಲೆ ಹೇಳಲಾ?
— ಹೆಸರು ಬೇಡ, ಕೊವೆಂಟ್ರಿ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಈ ವಾರವೇ ಹೇಳಿ. ಇನ್ನೊಂದು ನಟ್ಟು ಬಿಗಿಯುವ ಮೊದಲು ಹೇಳಿ. ಮಾರಬೇಕಾ, ಮುಗಿಸಬೇಕಾ ಅನ್ನುವುದನ್ನು ನೀವಿಬ್ಬರೂ ಕೂತು ಮಾತಾಡಬೇಕು. ನಿಜವಾದ ಲೆಕ್ಕ ಒಬ್ಬರಿಗೆ ಮಾತ್ರ ಗೊತ್ತಿದ್ದರೆ ಅದು ಹೇಗೆ ಸಾಧ್ಯ?

ಕಾರು ಮುಗಿದ ಮೇಲೆ ಹೇಳಿದರೆ ಆಗ ಅವಳಿಗೂ ಖುಷಿಯಾಗಿರುತ್ತೆ, ಸಿಟ್ಟು ಕಮ್ಮಿಯಾಗುತ್ತೆ ಅಂತ ನೀವು ಎಣಿಸಿರಬಹುದು. ಆದರೆ ಆ ದಿನ ನಿಮ್ಮ ಮನೆಯವರು ಕಾರನ್ನು ನೋಡುವುದಿಲ್ಲ. ಮೂರು ವರ್ಷ ತನ್ನ ಪಕ್ಕದಲ್ಲೇ ಮಲಗಿದವನು ಏನೇನು ಮುಚ್ಚಿಟ್ಟ ಅಂತ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಆ 640 ಪೌಂಡ್ ಬಿಲ್ಲು ಸಿಕ್ಕ ದಿನದಿಂದ ಅವರು ಆ ಲೆಕ್ಕವನ್ನು ಶುರು ಮಾಡಿದ್ದಾರೆ ಅಂತ ನನಗೆ ಅನ್ನಿಸುತ್ತೆ. ಊರಿಗೆ ಹೋಗುವ ಮಾತು ಅಲ್ಲಿಂದ ಬಂದಿರಬೇಕು.

ಇನ್ನೊಂದು ವಿಷಯ ನಿಮಗೆ ಗೊತ್ತಿದ್ದೇ ಇರುತ್ತೆ, ಆದರೂ ನೆನಪಿಸ್ತೀನಿ. ನೀವು ಮನೆಯವರಿಂದ ಬಚ್ಚಿಟ್ಟ ಬಿಲ್ಲುಗಳೇ ನಾಳೆ ನಿಮ್ಮ ಕಾರಿಗೆ ಬೇಕು. ಬ್ರಿಟನ್‌ನಲ್ಲಿ ಮನೆಯಲ್ಲಿ ಕಟ್ಟಿದ ಕಾರು ರೋಡಿಗೆ ಇಳಿಯಬೇಕಾದರೆ ಮೊದಲು ಐವಿಎ ಪರೀಕ್ಷೆ, ಅಂದರೆ ಆ ಒಂದು ಕಾರನ್ನೇ ತಪಾಸಣೆ ಮಾಡಿ ಒಪ್ಪಿಗೆ ಕೊಡುವ ಸರ್ಕಾರಿ ಪರೀಕ್ಷೆ, ಪಾಸಾಗಬೇಕು. ಆಮೇಲೆ ನೋಂದಣಿಗೆ ಡಿವಿಎಲ್‌ಎ ಕಚೇರಿಗೆ ಕಾಗದ ಕಳಿಸಬೇಕು. ಅವರು ಕೇಳುವುದು ಏನು? ಕಟ್ಟುವಾಗಿನ ಫೋಟೋಗಳು, ಭಾಗಗಳನ್ನು ಕೊಂಡ ರಸೀದಿಗಳು, ಹಳೇ ಕಾರಿನ ದಾಖಲೆ. ಯಾವ ಭಾಗ ಯಾವ ಕಾರಿನದು ಅಂತ ತೋರಿಸಲು ಆಗದಿದ್ದರೆ ‘ಕ್ಯೂ’ ಅಕ್ಷರದ ನಂಬರ್ ಪ್ಲೇಟ್ ಬರುತ್ತೆ. ಮಾರುವಾಗ ಅಂಥ ಕಾರಿಗೆ ಬೆಲೆ ಕಮ್ಮಿ. ಸರ್ಕಾರದ ಗುಮಾಸ್ತರ ಮುಂದೆ ಇಡಲೇಬೇಕಾದ ಕಾಗದವನ್ನು ಮೊದಲು ಹೆಂಡತಿಯ ಮುಂದೆ ಇಡಿ, ಅಲ್ವಾ?

ಊರಿನಿಂದ ಓದುತ್ತಿರುವವರಿಗೆ ಇದೆಲ್ಲ ವಿಚಿತ್ರ ಅನ್ನಿಸಬಹುದು. ನಮ್ಮಲ್ಲಿ ಕಂಪನಿ ಕೊಟ್ಟ ಗಾಡಿಯ ಮೂಲ ರೂಪವನ್ನೇ ಬದಲಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಇಂಗ್ಲೆಂಡಿನಲ್ಲಿ ಮನೆಯಲ್ಲೇ ಕಾರು ಕಟ್ಟುವುದು ದೊಡ್ಡ ಪರಂಪರೆ. ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ 1957ರಲ್ಲಿ ‘ಸೆವೆನ್’ ಅನ್ನುವ ಪುಟ್ಟ ಕಾರು ತಂದರು. ಬಿಡಿಬಿಡಿಯಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಆಗಿನ ಖರೀದಿ ತೆರಿಗೆ ಬೀಳುತ್ತಿರಲಿಲ್ಲ. ದುಡ್ಡು ಕಮ್ಮಿ ಇದ್ದ ಹುಡುಗರು ಅದನ್ನು ಕೊಂಡು ತಮ್ಮ ಶೆಡ್‌ಗಳಲ್ಲಿ ಕಟ್ಟಿದರು. 1973ರಲ್ಲಿ ವ್ಯಾಟ್ ಬಂದು ಆ ಅನುಕೂಲ ಹೋಯಿತು. ಕಟ್ಟುವ ಆಸೆ ಹೋಗಲಿಲ್ಲ.

ಚಾಪ್‌ಮನ್ ಹೆಸರು ಎತ್ತಿದ್ದಕ್ಕೆ ಒಂದು ಕಾರಣ ಇದೆ. ಅವರು 1948ರಲ್ಲಿ ಒಂದು ಹಳೇ ಆಸ್ಟಿನ್ ಸೆವೆನ್ ಕಾರನ್ನು ಬಿಚ್ಚಿ ತಮ್ಮ ಮೊದಲ ಕಾರು ಕಟ್ಟಿದ್ದು ಲಂಡನ್ನಿನಲ್ಲಿ, ತಮ್ಮ ಗೆಳತಿ ಹೇಜಲ್ ವಿಲಿಯಮ್ಸ್ ಅವರ ಅಪ್ಪ ಅಮ್ಮನ ಮನೆಯ ಹಿಂದಿನ ಗ್ಯಾರೇಜ್‌ನಲ್ಲಿ. 1952ರಲ್ಲಿ ಕಂಪನಿ ಶುರು ಮಾಡಲು 25 ಪೌಂಡ್ ಸಾಲ ಕೊಟ್ಟವರೂ ಹೇಜಲ್ ಅವರೇ. 1954ರಲ್ಲಿ ಇಬ್ಬರೂ ಮದುವೆಯಾದರು. ಆ 25 ಪೌಂಡ್ ಎಲ್ಲಿಗೆ ಹೋಗುತ್ತಿದೆ ಅಂತ ಹೇಜಲ್‌ಗೆ ಗೊತ್ತಿತ್ತು. ನಿಮ್ಮ 4,400 ಪೌಂಡ್ ಎಲ್ಲಿಗೆ ಹೋಯಿತು ಅಂತ ನಿಮ್ಮ ಹೆಂಡತಿಗೆ ಗೊತ್ತಿಲ್ಲ. ನನಗೆ ನಿಮ್ಮ ಖರ್ಚಿಗಿಂತ ಇದು ಜಾಸ್ತಿ ಚುಚ್ಚಿತು.

ಹೇಗೆ ಹೇಳಬೇಕು? ಮಕ್ಕಳು ಮಲಗಿದ ಮೇಲೆ, ಮರುದಿನ ಇಬ್ಬರಿಗೂ ಕೆಲಸ ಇಲ್ಲದ ರಾತ್ರಿ ನೋಡಿ. ಡಬ್ಬಿಯನ್ನು ತಂದು ಊಟದ ಮೇಜಿನ ಮೇಲೆ ಇಡಿ. ‘ಸ್ವಲ್ಪ ಜಾಸ್ತಿ ಆಯ್ತು ಕಣೇ’ ಅಂತ ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ‘11,400 ಆಗಿದೆ. ನಿನಗೆ 7,000 ಅಂತ ಸುಳ್ಳು ಹೇಳಿದೆ. ಕಾರ್ಡ್ ಮೇಲೆ 2,600 ಸಾಲ ಇದೆ. ಶಾಕ್ ಅಬ್ಸಾರ್ಬರ್ ಬಿಲ್ಲಿನ ವಿಷಯದಲ್ಲೂ ಸುಳ್ಳು ಹೇಳಿದೆ’ ಅನ್ನಿ. ಅಷ್ಟೇ. ಕಾರಣ ಹೇಳಲು ಹೋಗಬೇಡಿ, ಅವರು ಕೇಳಿದರೆ ಹೇಳಿ. ಬೈದರೆ ಬೈಸಿಕೊಳ್ಳಿ. ಎದ್ದು ಹೋದರೆ ಹಿಂದೆ ಹೋಗಿ ಒಪ್ಪಿಸಲು ನೋಡಬೇಡಿ. ಎರಡು ದಿನ ಮಾತು ಬಿಟ್ಟರೂ ತಾಳಿಕೊಳ್ಳಿ.

ಮುಂದಿನ ಖರ್ಚನ್ನೂ ಅದೇ ದಿನ ಹೇಳಬೇಕು. ಟೈರು, ವೈರಿಂಗ್, ರೇಡಿಯೇಟರ್ ಪೈಪು, ಪರೀಕ್ಷೆಯ ಶುಲ್ಕ 450 ಪೌಂಡ್, ಪರೀಕ್ಷಾ ಕೇಂದ್ರಕ್ಕೆ ಕಾರು ಸಾಗಿಸುವ ಟ್ರೇಲರ್, ಇನ್ಶೂರೆನ್ಸ್, ಎಲ್ಲ ಬರೆಯಿರಿ. ನಿಮ್ಮ ಮೊದಲ ಅಂದಾಜು ಹೆಚ್ಚುಕಮ್ಮಿ ಎರಡರಷ್ಟಾಯಿತು. ಹಾಗಾಗಿ ಈ ಸಲ ಬರೆದ ಮೊತ್ತಕ್ಕೆ ಇನ್ನರ್ಧ ಸೇರಿಸಿ ಹೇಳಿ.

ಮಾರಬೇಕಾ ಅನ್ನುವ ಪ್ರಶ್ನೆಗೆ ಬರೋಣ. ಲೆಸ್ಟರ್‌ನಲ್ಲಿ ನನ್ನ ಪರಿಚಯದವರೊಬ್ಬರು ಇಂಥದ್ದೇ ಕಾರು ಕಟ್ಟಿ ಮುಗಿಸಿದ್ದಾರೆ. ಅವರ ಗ್ಯಾರೇಜ್‌ನಲ್ಲಿ ಎರಡು ಶನಿವಾರ ಕೂತು ನೋಡಿದ್ದೇನೆ. ಅವರು ಕೊಂಡದ್ದೇ ಬೇರೆಯವರು ಅರ್ಧಕ್ಕೆ ಬಿಟ್ಟ ಕಾರು. ತೀರಾ ಅಗ್ಗಕ್ಕೆ ಸಿಕ್ಕಿತ್ತಂತೆ. ಬೇರೆಯವರು ಬಿಗಿದ ನಟ್ಟನ್ನು ಯಾರೂ ನಂಬುವುದಿಲ್ಲ, ಕೊಂಡವರು ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟುತ್ತಾರೆ, ಅದಕ್ಕೇ ಬೆಲೆ ಇಲ್ಲ ಅಂದರು. ಪರೀಕ್ಷೆ ಪಾಸಾಗಿ ನಂಬರ್ ಬಂದ ಕಾರಿನ ಕತೆಯೇ ಬೇರೆ. ದುಡ್ಡಿನ ದೃಷ್ಟಿಯಿಂದ ಮುಗಿಸಿ ಮಾರುವುದು ಮೇಲು. ಆದರೆ ಈ ಮಾತನ್ನು ಹೆಂಡತಿಯ ಬಾಯಿ ಮುಚ್ಚಿಸಲು ಬಳಸಬೇಡಿ. ‘ನಷ್ಟವಾದರೂ ಸರಿ, ನನಗೆ ಮನೆ ಬೇಕು’ ಅಂತ ಅವರು ಅಂದರೆ ಅದೂ ನ್ಯಾಯವಾದ ಲೆಕ್ಕವೇ. ಆಗ ಮಾರಿ.

ಮುಗಿಸೋಣ ಅಂತ ಅವರು ಒಪ್ಪಿದರೆ, ಮೊದಲು ಕಾರ್ಡಿನ ಸಾಲ ತೀರಿಸಿ. ಅಲ್ಲಿವರೆಗೆ ಹೊಸ ಸಾಮಾನು ಒಂದೂ ಬೇಡ. ಕೈಯಲ್ಲಿರುವ ಸಾಮಾನಿಂದ ಆಗುವ ಕೆಲಸ ಎಷ್ಟೋ ಇರುತ್ತೆ. ಹೊರಗೆ ತಗಲುವ ಅಂಚುಗಳನ್ನೆಲ್ಲ ದುಂಡಗೆ ಮಾಡಬೇಕು. ಆ ದುಂಡಿನ ತ್ರಿಜ್ಯ ಕನಿಷ್ಠ 2.5 ಮಿಲಿಮೀಟರ್ ಇರದಿದ್ದರೆ ಪರೀಕ್ಷೆಯಲ್ಲಿ ಫೇಲು. ಲೆಸ್ಟರ್‌ನವರು ಅರ ಹಿಡಿದು ಒಂದು ಬ್ರಾಕೆಟ್ಟಿನ ಅಂಚನ್ನು ಅರ್ಧ ಗಂಟೆ ಉಜ್ಜಿ, ಬೆರಳು ಆಡಿಸಿ ನೋಡಿ, ಮತ್ತೆ ಉಜ್ಜಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಖರ್ಚಿಲ್ಲದ ಕೆಲಸ.

ರಾತ್ರಿ 11ರ ಕೆಲಸ ಮಾತ್ರ ಇವತ್ತಿಂದಲೇ ನಿಲ್ಲಿಸಿ. ಇದನ್ನು ಕೇಳಿಕೊಳ್ಳುತ್ತೇನೆ. ನಿದ್ದೆಗಣ್ಣಲ್ಲಿ ಬ್ರೇಕ್ ಪೈಪ್ ಕೂಡಿಸುವುದು ಬೇಡ. ಮನೆಯವರೆಲ್ಲ ಮಲಗಿರುವಾಗ ನೀವೊಬ್ಬರೇ ಕಾರಿನ ಕೆಳಗೆ ಇರುತ್ತೀರಿ. ಜಾಕ್ ಜಾರಿದರೆ ಕೂಗಿದರೂ ಯಾರಿಗೂ ಕೇಳುವುದಿಲ್ಲ. ಬರೀ ಜಾಕ್ ನಂಬಿ ಎಂದೂ ಕೆಳಗೆ ಹೋಗಬೇಡಿ, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಆಕ್ಸಲ್ ಸ್ಟ್ಯಾಂಡ್ ಇರಲೇಬೇಕು. ಬಾಗಿಲು ಮುಚ್ಚಿದ ಗ್ಯಾರೇಜ್‌ನಲ್ಲಿ ಎಂಜಿನ್ ಶುರು ಮಾಡಬೇಡಿ, ಆ ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಮನೆಗೆ ಅಂಟಿಕೊಂಡ ಗ್ಯಾರೇಜ್‌ನಲ್ಲಿ ಮನೆ ಬೆಚ್ಚಗಿಡುವ ಬಾಯ್ಲರ್ ಇದ್ದರೆ ಅಲ್ಲಿ ಪೆಟ್ರೋಲ್ ಟ್ಯಾಂಕ್ ತೆರೆಯಲೇಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿಕೊಂಡು ಕಿಡಿಯವರೆಗೂ ಹೋಗುತ್ತೆ. ಮೇಲೆ ಮಕ್ಕಳು ಮಲಗಿರುತ್ತಾರೆ.

ಮಗಳ ವಿಷಯ ನನ್ನನ್ನು ಬಹಳ ಹೊತ್ತು ಕಾಡಿತು. ‘ಟಾರ್ಚ್ ಹಿಡಿಯುತ್ತಿದ್ದಳು’ ಅಂತ ಬರೆದಿದ್ದೀರಿ. ನಾನೂ ಚಿಕ್ಕವಳಿದ್ದಾಗ ಅಪ್ಪ ಫ್ಯೂಸ್ ಹಾಕುವಾಗ, ಪಂಪು ಬಿಚ್ಚುವಾಗ ಟಾರ್ಚ್ ಹಿಡಿದವಳೇ. ಕೈ ನೋಯುತ್ತೆ, ಬೆಳಕು ಸ್ವಲ್ಪ ಆಚೀಚೆ ಆದರೆ ಬೈಗುಳ ಬೀಳುತ್ತೆ, ಏನು ನಡೀತಿದೆ ಅಂತ ಕಾಣುವುದೂ ಇಲ್ಲ. ಒಂದು ವರ್ಷ ಟಾರ್ಚ್ ಹಿಡಿದ ಹುಡುಗಿ ಬೇಜಾರಾಗಿ ಎದ್ದು ಹೋದಳು ಅಂದರೆ ತಪ್ಪು ಅವಳದಲ್ಲ. ಅವಳ ಕೈಗೆ ಸ್ಪ್ಯಾನರ್ ಕೊಟ್ಟಿದ್ದಿರಾ?

ಲೆಸ್ಟರ್‌ನ ಗ್ಯಾರೇಜ್‌ನಲ್ಲಿ ನಾನು ಕಂಡದ್ದು ಹೇಳ್ತೀನಿ. ಅಂದು ಬ್ರೇಕ್ ಪೈಪಿನಿಂದ ಗಾಳಿ ತೆಗೆಯುತ್ತಿದ್ದರು. ಒಬ್ಬರು ಪೆಡಲ್ ಮೇಲೆ, ಇನ್ನೊಬ್ಬರು ಚಕ್ರದ ಹತ್ತಿರ. ಪೆಡಲ್ ಮೇಲೆ ಕೂತವರು ಅವರ ಮಗ, ಹದಿನಾಲ್ಕು ವರ್ಷ. ‘ಒತ್ತು.’ ‘ಒತ್ತಿದೆ.’ ಚಕ್ರದ ಹತ್ತಿರ ಗಾಳಿ ಬಿಡುವ ಪುಟ್ಟ ತಿರುಪು, ಅಂದರೆ ನಿಪ್ಪಲ್ ಸಡಿಲಿಸಿದರು, ಪ್ಲಾಸ್ಟಿಕ್ ಟ್ಯೂಬಿನಲ್ಲಿ ಗುಳ್ಳೆ ಸಾಲುಸಾಲಾಗಿ ಹೊರಬಂತು. ‘ಹಿಡ್ಕೋ, ಬಿಡಬೇಡ.’ ನಿಪ್ಪಲ್ ಬಿಗಿದರು. ‘ಈಗ ಬಿಡು.’ ನಾಲ್ಕೂ ಚಕ್ರಕ್ಕೆ ಹೀಗೇ, ಒಂದು ಗುಳ್ಳೆಯೂ ಬಾರದವರೆಗೆ. ಟೈಮ್ ತಪ್ಪಿ ಪೆಡಲ್ ಬಿಟ್ಟರೆ ಗಾಳಿ ಒಳಗೆ ಹೋಗಿ ಮತ್ತೆ ಮೊದಲಿನಿಂದ ಶುರು. ಆಮೇಲೆ ಅಪ್ಪ ಟಾರ್ಕ್ ರೆಂಚಿನಿಂದ (ಬೇಕಾದಷ್ಟು ಬಿಗಿಯಾದಾಗ ಕಟಕ್ ಅನ್ನುವ ಸ್ಪ್ಯಾನರ್) ಬ್ರೇಕಿನ ಕ್ಯಾಲಿಪರ್ ಬೋಲ್ಟ್ ಬಿಗಿದರು. ಮಗ ಅದನ್ನು ತಾನೂ ಒಮ್ಮೆ ಹಾಕಿ ನೋಡಿ, ಕಟಕ್ ಅಂದ ಮೇಲೆ ಹಳದಿ ಪೇಂಟಿನಿಂದ ಅಡ್ಡ ಗೀಟು ಎಳೆದ. ಗೀಟು ಇದ್ದರೆ ಇಬ್ಬರೂ ನೋಡಿದ್ದಾರೆ ಅಂತ ಅರ್ಥ. ಆ ಹುಡುಗ ಗೀಟು ಎಳೆಯುವಾಗಿನ ಗಾಂಭೀರ್ಯ ನೋಡಬೇಕಿತ್ತು.

ನಿಮ್ಮ ಬ್ರೇಕ್ ಅರ್ಧಕ್ಕೆ ನಿಂತಿದೆ. ಹೇಗೂ ಇನ್ನೊಬ್ಬರು ಬೇಕು. ಹೆಂಡತಿ ಒಪ್ಪಿ ಕೆಲಸ ಮತ್ತೆ ಶುರುವಾದರೆ ಮಗಳನ್ನು ಕೇಳಿ. ಬರೀ ಟಾರ್ಚ್ ಹಿಡಿಸಿದ್ದಕ್ಕೆ ತಪ್ಪಾಯ್ತು ಅನ್ನಿ, ಆಮೇಲೆ ಕೇಳಿ. ಬರಲ್ಲ ಅಂದರೆ ಬಲವಂತ ಬೇಡ.

ನಿಮ್ಮ ಪತ್ರದಲ್ಲಿ ಒಂದೇ ಸಾಲಲ್ಲಿ ದಾಟಿಹೋದ ವಿಷಯ, ಹೆಂಡತಿಯ ಸಂಗೀತ ಪಾಠ. ನಿಮಗೆ ಗ್ಯಾರೇಜ್ ಇದ್ದ ಹಾಗೆ ಅವರಿಗೆ ಅದಿತ್ತು. ನೀವು ವಾರದಲ್ಲಿ ಎರಡು ದಿನ ತೆಗೆದುಕೊಂಡಿರಿ, ಅವರ ಒಂದೆರಡು ಗಂಟೆಯೂ ಅದರಲ್ಲೇ ಹೋಯಿತು. ಕಾರು ಇರಲಿ, ಹೋಗಲಿ, ಶನಿವಾರ ಅವರದು. ಈಜು, ಸಾಮಾನು, ಮಧ್ಯಾಹ್ನದ ಅಡುಗೆ ನಿಮ್ಮದು. ‘ನಾನು ಸಹಾಯ ಮಾಡ್ತೀನಿ’ ಅನ್ನಬೇಡಿ, ಸುಮ್ನೆ ಮಾಡಿ. ಡಬ್ಬಿ ತೋರಿಸುವ ಮೊದಲೇ ಪಾಠದ ಟೀಚರ್‌ಗೆ ಫೋನ್ ಮಾಡಿ ಜಾಗ ಇದೆಯಾ ಅಂತ ಮಾತ್ರ ವಿಚಾರಿಸಿ. ಸೇರುವುದನ್ನು ಅವರಿಗೇ ಬಿಡಿ. ಮುಂದೆ ಒಪ್ಪಂದವಾದರೆ ಭಾನುವಾರ ಬೆಳಿಗ್ಗೆಯಿಂದ ಊಟದವರೆಗೆ ನಿಮ್ಮ ಗ್ಯಾರೇಜ್ ಸಮಯ. ಊಟಕ್ಕೆ ಕರೆದಾಗ ‘ಐದು ನಿಮಿಷ’ ಅನ್ನಬೇಡಿ.

ಬೇಸಿಗೆಗೆ ಅವರು ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗಲೇ ಬೇಕು ಅಂದರೆ ಟಿಕೆಟ್ ನೀವೇ ಮಾಡಿಸಿ. ನಿಮಗೂ ಒಂದು ಮಾಡಿಸಲಾ ಅಂತ ಕೇಳಿ. ಅವರು ಹೂಂ ಅಂದರೆ ಹೋಗಿ. ಬೇಡ ಅಂದರೆ, ಅವರು ಊರಲ್ಲಿರುವಷ್ಟು ದಿನ ಖಾಲಿ ಮನೆಯಲ್ಲಿ ಕಾರು ಮುಗಿಸಿಬಿಡೋಣ ಅಂತ ನಿಮಗೆ ಆಸೆ ಹುಟ್ಟಬಹುದು. ಬೇಡ.

ಡಬ್ಬಿಯನ್ನು ಮೇಜಿಗೆ ತರುವ ಮೊದಲು ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ಶಾಕ್ ಅಬ್ಸಾರ್ಬರ್ ಬಿಲ್ಲನ್ನು ಎಲ್ಲಕ್ಕಿಂತ ಮೇಲಿಡಿ. ಕಳೆದುಹೋದವು ಇದ್ದರೆ ಕಾರ್ಡಿನ ಸ್ಟೇಟ್‌ಮೆಂಟ್ ತೆಗೆದು ಜೊತೆಗೆ ಇಡಿ, ಅದು ಡಿವಿಎಲ್‌ಎಗೂ ಉಪಯೋಗಕ್ಕೆ ಬಂದೀತು. ಒಂದು ಪೆನ್ನು, ಒಂದು ಖಾಲಿ ಹಾಳೆ ಇರಲಿ. ಕೂಡಿಸುವುದನ್ನು ಅವರೇ ಕೂಡಿಸಲಿ.