ಡೇಟಾ ಅರ್ಧ ಮಾತ್ರ ಆಗಿದೆ, ಪಿಎಚ್‌ಡಿ ಸೆಮಿನಾರ್‌ನಲ್ಲಿ ಏನು ಹೇಳಲಿ?

ಸೈಕಾಲಜಿ ಪಿಎಚ್‌ಡಿ, ಮುಂದಿನ ತಿಂಗಳು ಸೆಮಿನಾರ್, 15 ನಿಮಿಷ, ಕೈಯಲ್ಲಿ ಅರ್ಧ ಡೇಟಾ, ಥಿಯರಿ ಹೇಳಿ ಮುಗಿಸಿಬಿಡ್ಲಾ ಅಂತ ಕೇಳಿದ್ದೀರಿ. ಬೇಡ. ಹಾಸನದಲ್ಲಿ ನನ್ನ ಸೆಮಿನಾರ್ ದಿನ ನಾನು ಅದನ್ನೇ ಮಾಡಿ ಕೆಟ್ಟೆ.

ನನ್ನ ವಿಷಯ ಮೂಡಿಗೆರೆ ಕಡೆ ಕಾಫಿ ತೋಟದ ಹೆಂಗಸರ ಖಿನ್ನತೆ. ಮೊದಲ ಒಂಬತ್ತು ನಿಮಿಷ ಬರೀ ವ್ಯಾಖ್ಯಾನ, ಅವರು ಹೀಗಂದರು, ಇವರು ಹಾಗಂದರು. ಹಿಂದಿನ ಸಾಲಿನವರು ಆಗಲೇ ಊಟದ ಕೂಪನ್ ಕೈಯಲ್ಲಿ ಹಿಡಿದಿದ್ದರು. ಕೊನೆಗೆ ಹಿರಿಯ ಪ್ರೊಫೆಸರ್ ಒಬ್ಬರು, 'ಅದೆಲ್ಲ ಇರ್ಲಮ್ಮ, ನೀನು ಹೇಗೆ ಕೇಳಿದೆ, ಅವರು ಏನಂದರು, ಅದನ್ನು ಹೇಳು' ಅಂದರು.

ಸರಿ, ಹೇಳಿದೆ. ನಾನು ಬಳಸಿದ್ದು ಖಿನ್ನತೆ ಎಷ್ಟಿದೆ ಅಂತ ಅಳೆಯೋ ಪ್ರಶ್ನಾವಳಿ, ಪಿಎಚ್‌ಕ್ಯೂ-9. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಎಲ್ಲವೂ ಕಳೆದ ಎರಡು ವಾರದ ಬಗ್ಗೆ. ಆದರೆ ತೋಟದ ಕೆಲಸದವರು ಇರೋ ಲೈನ್ ಮನೆಯಲ್ಲಿ ಎರಡು ವಾರ ಅಂದರೆ ಯಾರಿಗೂ ಸರಿಯಾಗಿ ಹಿಡಿಯಲಿಲ್ಲ, 'ಎರಡು ಸಂತೆ ಹಿಂದಿನಿಂದ' ಅಂದಮೇಲೆ ಲೆಕ್ಕ ಸಿಕ್ಕಿತು. ಕೆಲಸದಲ್ಲಿ ಆಸಕ್ತಿ ಕಡಿಮೆಯಾಗಿದೆಯಾ ಅಂತ ಕೇಳಿದರೆ ಒಬ್ಬರು ನನ್ನನ್ನೇ ನೋಡಿ, 'ಆಸಕ್ತಿ ಇದ್ರೂ ಇಲ್ಲದಿದ್ರೂ ಹಣ್ಣು ಕೊಯ್ಯಬೇಕಲ್ಲ ಮೇಡಂ' ಅಂದರು. ಇದಕ್ಕೆ ಎಷ್ಟು ಅಂಕ ಹಾಕೋದು, ಹೇಳಿ? ಇನ್ನು 'ಬೇಜಾರು' ಅನ್ನೋ ನಮ್ಮ ಪದ. ದುಃಖಕ್ಕೂ ಬೇಜಾರು, ಹೊತ್ತು ಹೋಗದಿದ್ದರೂ ಬೇಜಾರು, ಗಂಡನ ಮೇಲಿನ ಸಿಟ್ಟಿಗೂ ಬೇಜಾರು. ಕೂಪನ್ ಹಿಡಿದವರೂ ಆಗ ತಲೆ ಎತ್ತಿದರು.

ಹಾಗಾಗಿ ಥಿಯರಿಗೆ ಎರಡು ನಿಮಿಷ ಸಾಕು. ನೀವು ಕೇಳಿದ ಪ್ರಶ್ನೆ ಎಲ್ಲಿ ಎಡವಿತು, ಅದನ್ನು ಹೇಗೆ ಸರಿ ಮಾಡಿದಿರಿ ಅನ್ನೋದೇ ಸಾಕಷ್ಟು ಇರುತ್ತೆ. ಅರ್ಧ ಡೇಟಾ ಹಾಕಿ ಪಿ ವ್ಯಾಲ್ಯೂ (ನಿಜವಾಗಿ ವ್ಯತ್ಯಾಸ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರೋ ಸಾಧ್ಯತೆ) ನೋಡೋ ಆಸೆಯಾಗುತ್ತೆ, ಬೇಡ. ಮತ್ತೆ ಮತ್ತೆ ಇಣುಕಿ, ಅದು ರೂಢಿಯ ಗಡಿ 0.05ಕ್ಕಿಂತ ಕೆಳಗೆ ಬಂದ ದಿನ ಡೇಟಾ ಸಾಕು ಅಂತ ನಿಲ್ಲಿಸಿದರೆ, ಇಲ್ಲದ ವ್ಯತ್ಯಾಸವೂ ಇದ್ದ ಹಾಗೆ ಕಾಣೋ ಸಾಧ್ಯತೆ ಜಾಸ್ತಿ.

ನಿಮ್ಮ ಪ್ರಶ್ನಾವಳಿಯಲ್ಲಿ ಸಾಯೋ ಯೋಚನೆಯ ಪ್ರಶ್ನೆ ಇದೆಯಾ? ಪಿಎಚ್‌ಕ್ಯೂನಲ್ಲಿ ಒಂಬತ್ತನೆಯದು ಅದೇ. ಹೌದು ಅಂದವರಿಗೆ ನೀವು ಏನು ಮಾಡಿದಿರಿ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಲೂಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದ ಚೀಟಿ ಕೊಡುವುದು ಕನಿಷ್ಠ, ಕೌನ್ಸೆಲರ್ ಒಬ್ಬರ ಹತ್ತಿರ ಮೊದಲೇ ಮಾತಾಡಿಟ್ಟಿರಿ.

ಆವತ್ತು ಅದೇ ಪ್ರೊಫೆಸರ್ ಇನ್ನೊಂದು ಕೇಳಿದರು. ಕೊಯ್ಲಿನ ಸಮಯದಲ್ಲಿ 'ಸುಸ್ತಾಗುತ್ತಾ, ನಿದ್ದೆ ಸರಿಯಿದೆಯಾ' ಅಂದರೆ ಯಾರು ತಾನೇ ಸುಸ್ತಿಲ್ಲ ಅಂತಾರೆ, ಮಳೆಗಾಲದಲ್ಲಿ ಕೇಳಿದ್ದರೆ ಇಷ್ಟೇ ಅಂಕ ಬರ್ತಿತ್ತಾ? ನನ್ನ ಹತ್ತಿರ ಉತ್ತರ ಇರಲಿಲ್ಲ, ಗೊತ್ತಿಲ್ಲ ಸರ್ ಅಂದೆ. ಜುಲೈನಲ್ಲಿ ಜಿಗಣೆ ಕಚ್ಚಿಸಿಕೊಂಡು ಅದೇ ಲೈನ್ ಮನೆಗಳಿಗೆ ಮತ್ತೆ ಹೋದೆ. ನನ್ನ ಥೀಸಿಸ್‌ನ ನಾಲ್ಕನೇ ಅಧ್ಯಾಯ ಪೂರ್ತಿ ಅದೇ.