ಒಳ್ಳೆಯ ಬರವಣಿಗೆಯ ಗುಣಗಳನ್ನು ಪ್ರಾಥಮಿಕ ತರಗತಿಯ ಮಕ್ಕಳಿಗೆ ಎಲ್ಲ ವಿಷಯಗಳಲ್ಲೂ ಕಲಿಸುವುದು ಹೇಗೆ?

ಒಂದು ಸಲಕ್ಕೆ ಒಂದೇ ಗುಣ ಹಿಡಿಯಿರಿ. ವಿಚಾರ, ಜೋಡಣೆ, ಪದಗಳ ಆಯ್ಕೆ, ವಾಕ್ಯದ ಓಟ, ಬರೆಯುವವರ ದನಿ, ಕಾಗುಣಿತ ಎಲ್ಲವನ್ನೂ ಒಟ್ಟಿಗೆ ತಿದ್ದಹೊರಟರೆ ಮಗುವಿಗೆ ಕಾಣುವುದು ಕೆಂಪು ಗೆರೆ ಮಾತ್ರ. ಎರಡು ವಾರ 'ವಿಚಾರ' ಎಂದಿಟ್ಟುಕೊಂಡರೆ, ಅಷ್ಟೂ ದಿನ ಎಲ್ಲ ವಿಷಯಗಳಲ್ಲೂ ಅದನ್ನೇ ನೋಡಿ.

ಶುರು ಮಾಡಲು ವಿಜ್ಞಾನವೇ ಸುಲಭ. ಬರೆಯಬೇಕಾದದ್ದು ಕಣ್ಣೆದುರೇ ಇರುತ್ತದೆ. 'ಗಿಡ ಚೆನ್ನಾಗಿ ಬೆಳೆಯಿತು' ಎಂದು ಬರೆದರೆ "ಎಷ್ಟು? ಹೇಗೆ ಗೊತ್ತಾಯಿತು?" ಎಂದು ಕೇಳಿ. ಮಗು ಅಳತೆಪಟ್ಟಿ ಹಿಡಿದು, '5 ದಿನದಲ್ಲಿ 3 ಸೆಂ.ಮೀ. ಬೆಳೆಯಿತು, ಎರಡು ಹೊಸ ಎಲೆ ಬಂದವು' ಎಂದು ತಿದ್ದಿ ಬರೆದಾಗ ವಿವರ ಎಂದರೇನೆಂದು ಬೇರೆ ಪಾಠ ಬೇಕಾಗುವುದಿಲ್ಲ.

ಜೋಡಣೆಗೆ ಗಣಿತ ಒಳ್ಳೆಯದು. ಲೆಕ್ಕ ಬಿಡಿಸಿದ ಕ್ರಮವನ್ನು ನಾಲ್ಕೈದು ವಾಕ್ಯಗಳಲ್ಲಿ ಬರೆಸಿ, ವಾಕ್ಯಕ್ಕೊಂದು ಚೀಟಿಯಾಗಿ ಕತ್ತರಿಸಿ, ಕಲಸಿ ಪಕ್ಕದ ಮಗುವಿಗೆ ಕೊಡಿ. ಮತ್ತೆ ಜೋಡಿಸಲು ಅದು ತಡಕಾಡಿದರೆ, ಸಾಮಾನ್ಯವಾಗಿ 'ಮೊದಲು', 'ಆಮೇಲೆ', 'ಆದ್ದರಿಂದ' ಎಂಬ ಕೊಂಡಿಗಳೋ ನಡುವಿನ ಒಂದು ಹಂತವೋ ಬಿಟ್ಟುಹೋಗಿರುತ್ತದೆ. ವಾಕ್ಯದ ಓಟಕ್ಕೆ ಗಟ್ಟಿಯಾಗಿ ಓದಿಸಿದರೆ ಸಾಕು, ಎಡವಿದ ಜಾಗ ಕಿವಿಗೇ ತಿಳಿಯುತ್ತದೆ.

ಕಾಗುಣಿತ ಕೊನೆಗಿರಲಿ. ಮೊದಲ ಕರಡಿನಲ್ಲೇ ಅದನ್ನು ತಿದ್ದಿದರೆ ಮಕ್ಕಳು ತಪ್ಪಾಗದ ಸುಲಭ ಪದಗಳನ್ನಷ್ಟೇ ಬಳಸತೊಡಗುತ್ತಾರೆ, ಬರಹ ಬಡವಾಗುತ್ತದೆ. ಅಂದಹಾಗೆ, ಕಪ್ಪುಹಲಗೆಯ ಟಿಪ್ಪಣಿ ನಕಲು ಮಾಡಿಸುವುದು ಬರವಣಿಗೆಯ ಪಾಠವಲ್ಲ. ಅದೇ ಟಿಪ್ಪಣಿ ಅಳಿಸಿ, "ತರಗತಿಗೆ ಬಾರದ ಗೆಳೆಯನಿಗೆ ಮೂರು ವಾಕ್ಯದಲ್ಲಿ ತಿಳಿಸು" ಎನ್ನಿ.